ಒಂದೇ ನೆಲ, ಹಲವು ಸೃಷ್ಟಿ

ನಮ್ಮ ಭಂಕೂರಿನ ಸುತ್ತಮುತ್ತ ಕಲ್ಲಿಗಾಗಿ ಹೆಚ್ಚು ಆಳ ಅಗೆಯಬೇಕಾಗಿಲ್ಲ. ಹೊರಗಿನವರು ಅದನ್ನು ಶಹಾಬಾದ ಕಲ್ಲೆಂದು ಕರೆಯುತ್ತಾರೆ. ನಮಗೆ ಅದು ಬರಿಯ ಫರಸಿ. ಉಳಿಯನ್ನು ಸರಿಯಾದ ಎಡೆಯಲ್ಲಿಟ್ಟು ಪೆಟ್ಟು ಕೊಟ್ಟರೆ ಪುಸ್ತಕದ ಹಾಳೆ ಬಿಚ್ಚಿಕೊಂಡಂತೆ ಪದರ ಪದರವಾಗಿ ಏಳುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು, ಅದರ ತಳದಲ್ಲಿ ಕುಳಿತ ಕೆಸರೇ ಗಟ್ಟಿಗೊಂಡು ಈ ಕಲ್ಲಾಯಿತು ಎಂದು ಭೂಶಾಸ್ತ್ರ ಬಲ್ಲವರು ಹೇಳುತ್ತಾರೆ. ಗುಡಿಯ ಅಂಗಳಕ್ಕೂ, ಮಠದ ಪಡಸಾಲೆಗೂ, ದರ್ಗಾದ ಕಟ್ಟೆಗೂ, ಶಾಲೆಯ ಜಗಲಿಗೂ ಹಾಸುವುದು ಇದನ್ನೇ. ಖಣಿಯಲ್ಲಿ ದುಡಿಯುವವನು ಹಾಸನ್ನು ಎಬ್ಬಿಸುವಾಗ ಇದು ಯಾವ ದೇವರ ಪಾಲಿಗೆ ಹೋಗತಕ್ಕದ್ದೆಂದು ವಿಚಾರಿಸುವುದಿಲ್ಲ. ಅವನ ಕೂಲಿಗೂ ಅದಕ್ಕೂ ಸಂಬಂಧವಿಲ್ಲ.

ಈ ಕಲ್ಲಿನ ಮಾತು ಏಕೆ ಬಂದಿತೆಂದರೆ, ಕೆಲವು ದಿನಗಳ ಹಿಂದೆ ಕಾಲೇಜಿನಲ್ಲಿ ಓದುವ ತರುಣನೊಬ್ಬ ತಾನು ಬರೆದ ಕಥೆಯ ಹಸ್ತಪ್ರತಿಯನ್ನು ತಂದು ನನ್ನ ಕೈಗಿತ್ತ. ಇನ್ನೂರು ಪುಟಗಳ ನೋಟುಬುಕ್ಕು. ಮೊದಲ ಪುಟದಲ್ಲಿ ಒಂದು ನಕಾಶೆ: ಎಲ್ಲಿಯೂ ಇಲ್ಲದ ನಾಡು, ಅಲ್ಲಿ ಎಲ್ಲಿಯೂ ಹರಿಯದ ನದಿಗಳು. ಆ ನಾಡಿನ ಬಡಗಣ ಜನರ ಪ್ರಕಾರ ಬೆಂಕಿಯ ಹಕ್ಕಿಯೊಂದು ಇಟ್ಟ ಮೊಟ್ಟೆಯಿಂದ ಲೋಕ ಹುಟ್ಟಿತು. ತೆಂಕಣ ಜನರ ಪ್ರಕಾರ ಕುರುಡಿಯಾದ ತಾಯಿಯೊಬ್ಬಳ ಕಣ್ಣೀರೇ ಕಡಲಾಗಿ, ಕಡಲು ಹೆಪ್ಪುಗಟ್ಟಿ ನೆಲವಾಯಿತು. ಎರಡು ಸೃಷ್ಟಿಗೆ ಎರಡು ದೇವತಾಗಣಗಳು. ಇಷ್ಟರವರೆಗೆ ನಾನು ಸಂತೋಷದಿಂದಲೇ ಓದಿದೆ. ಉಳಿದ ನೂರೆಂಬತ್ತು ಪುಟಗಳಲ್ಲಿ ಯುದ್ಧ. ಕೊನೆಗೆ ಬಡಗಣ ದೇವರುಗಳು ತೆಂಕಣ ದೇವರುಗಳನ್ನು ನಿರ್ನಾಮ ಮಾಡುತ್ತಾರೆ. ಕುರುಡು ತಾಯಿಯ ಕಥೆ ಸುಳ್ಳೆಂದು ಸಿದ್ಧವಾಗುತ್ತದೆ.

“ಆ ತಾಯಿಯನ್ನು ಯಾಕಪ್ಪ ಕೊಂದೆ?” ಎಂದೆ.

“ಎರಡೂ ಖರೆ ಇರ್ಲಿಕ್ಕೆ ಹ್ಯಾಂಗ ಬರ್ತದ್ರಿ ಸರ್? ಒಂದು ಖರೆ ಆದ್ರ ಇನ್ನೊಂದು ಸುಳ್ಳೇ ಆಗ್ಬೇಕಲ್ರಿ” ಎಂದ.

ತರ್ಕದಲ್ಲಿ ತಪ್ಪಿರಲಿಲ್ಲ. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಆಗ ಹೇಳಲಾರದುದನ್ನು ಈಗ ಇಲ್ಲಿ ಹೇಳಲು ಯತ್ನಿಸುತ್ತೇನೆ. ಇಂಥ ಕಥೆಗಳನ್ನು ಬರೆಯುವ ತರುಣರು ಈಚೆಗೆ ಹೆಚ್ಚುತ್ತಿರುವುದರಿಂದ ಅವನೊಬ್ಬನಿಗೆ ಹೇಳಿದ್ದು ಹಲವರಿಗೆ ಉಪಯೋಗವಾದೀತು.

ಇಲ್ಲದ ಲೋಕವನ್ನು ಕಟ್ಟುವುದು ವ್ಯರ್ಥ ಕಾರ್ಯವೆಂದು ಮೂಗು ಮುರಿಯುವವರ ಪಂಕ್ತಿಗೆ ನಾನು ಸೇರಿದವನಲ್ಲ. ಐರ್ಲೆಂಡಿನ ಲಾರ್ಡ್ ಡನ್ಸೇನಿ 1905ರಲ್ಲಿಯೇ ‘ದಿ ಗಾಡ್ಸ್ ಆಫ್ ಪೆಗಾನಾ’ ಎಂಬ ಸಣ್ಣ ಪುಸ್ತಕದಲ್ಲಿ ತನ್ನದೇ ಆದ ದೇವತಾಗಣವೊಂದನ್ನು ನಿರ್ಮಿಸಿದ. ಅಲ್ಲಿ ದೇವರುಗಳನ್ನು ಸೃಷ್ಟಿಸಿದ ಮೂಲದೈವ ನಿದ್ರಿಸುತ್ತಿದೆ. ಒಬ್ಬ ಎಡೆಬಿಡದೆ ಡೋಲು ಬಾರಿಸುತ್ತಿದ್ದಾನೆ. ಡೋಲು ನಿಂತ ದಿನ ಆ ದೈವ ಎಚ್ಚರಗೊಂಡು ಲೋಕಗಳೂ ದೇವರುಗಳೂ ಇಲ್ಲವಾಗುತ್ತವೆ. ಟೋಲ್ಕಿನ್ ತೀರಿಕೊಂಡ ಮೇಲೆ ಅವನ ಮಗ ಸಂಪಾದಿಸಿ 1977ರಲ್ಲಿ ಪ್ರಕಟಿಸಿದ ‘ದಿ ಸಿಲ್ಮರಿಲಿಯನ್’ ಸಂಗೀತದಿಂದ ಲೋಕ ಹುಟ್ಟಿದ ಕಥೆಯಿಂದ ಮೊದಲಾಗುತ್ತದೆ. ನಮ್ಮಲ್ಲಿ ಚಂದ್ರಶೇಖರ ಕಂಬಾರರು ತಮ್ಮ ಶಿವಾಪುರವೆಂಬ ಊರಿಗೆ ಅದರದೇ ದೈವವನ್ನೂ ಐತಿಹ್ಯವನ್ನೂ ಕೊಟ್ಟರು. 1975ರ ‘ಕರಿಮಾಯಿ’ಯಿಂದ 2007ರ ‘ಶಿಖರಸೂರ್ಯ’ದವರೆಗೆ ಆ ಕಲ್ಪಿತ ಲೋಕ ಬೆಳೆಯುತ್ತ ಬಂದಿದೆ. ಆದುದರಿಂದ ಕಲ್ಪನೆಯ ಮೇಲೆ ನನ್ನ ಆಕ್ಷೇಪಣೆ ಇಲ್ಲ. ಸೃಷ್ಟಿಕಥೆಯನ್ನು ಕೋಟೆಯ ಬಾವುಟದಂತೆ ತಿಳಿಯುವುದರ ಮೇಲೆ ಮಾತ್ರ ಇದೆ.

ಟೋಲ್ಕಿನ್ನನ ಗ್ರಂಥದಲ್ಲಿಯೇ ಒಂದು ಸಣ್ಣ ಪ್ರಸಂಗವಿದೆ. ಅವನ ಲೋಕದಲ್ಲಿ ಕುಳ್ಳರ ಜನಾಂಗವೊಂದು ಉಂಟು. ಸತ್ತ ಮೇಲೆ ಅವರು ತಾವು ಹುಟ್ಟಿಬಂದ ಮಣ್ಣು ಕಲ್ಲುಗಳಿಗೆ ಹಿಂದಿರುಗುತ್ತಾರೆಂದು ನೆರೆಯ ಜನಾಂಗದವರ ನಂಬಿಕೆ. ಕುಳ್ಳರು ಅದನ್ನು ಒಪ್ಪುವುದಿಲ್ಲ. ತಮ್ಮನ್ನು ಮಾಡಿದ ದೈವ ತಮಗಾಗಿ ಬೇರೆ ಮನೆಯನ್ನು ಕಾದಿರಿಸಿದೆ ಎನ್ನುತ್ತಾರೆ. ಲೇಖಕ ಇವೆರಡರಲ್ಲಿ ಯಾವುದು ನಿಜವೆಂದು ತೀರ್ಪು ಕೊಡದೆ ಮುಂದೆ ಸಾಗುತ್ತಾನೆ. ಆ ಒಂದೆರಡು ವಾಕ್ಯಗಳಲ್ಲಿ ಕುಳ್ಳರಿಗೆ ಬರುವ ಜೀವ ಹತ್ತು ಯುದ್ಧಗಳಿಂದ ಬರುವಂತಹುದಲ್ಲ.

ಆದರೆ ಇದಕ್ಕಾಗಿ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಭಂಕೂರಿನಿಂದ ಹೊರಟರೆ ಒಂದೇ ಹಗಲಿನಲ್ಲಿ ಸೇಡಂ ತಾಲೂಕಿನ ಮಳಖೇಡವನ್ನೂ ಚಿತ್ತಾಪುರ ತಾಲೂಕಿನ ಸನ್ನತಿಯನ್ನೂ ನೋಡಿ ಬರಬಹುದು. ಎದುರಾಳಿ ಸೃಷ್ಟಿಕಥೆಗಳು ಒಂದೇ ನೆಲದಲ್ಲಿ ಹೇಗೆ ಬಾಳುತ್ತವೆ, ಹೇಗೆ ಅಳಿಯುತ್ತವೆ ಎಂಬ ಎರಡು ಪಾಠಗಳೂ ಈ ಎರಡು ಊರುಗಳಲ್ಲಿವೆ.

ಮೊದಲು ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದರು. ಅದರ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತನನ್ನು ನಂಬುವವರಿಗೆ ಅವರು ಕೇಳುವ ಪ್ರಶ್ನೆಗಳು ಇಂದಿಗೂ ಮೊನಚಾಗಿವೆ. ಅವುಗಳ ಸಾರಾಂಶ ಇಷ್ಟು. ಲೋಕವನ್ನು ಮಾಡುವ ಮುನ್ನ ಕರ್ತೃ ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿಯನ್ನು ಮೊದಲು ತಾನೇ ಮಾಡಿಕೊಂಡನೆಂದರೆ, ಅದನ್ನು ಮಾಡಲು ಬೇಕಾದ ಸಾಮಗ್ರಿ ಎಲ್ಲಿಯದು? ಅದು ತಾನಾಗಿ ಇತ್ತೆಂದರೆ, ಲೋಕವೂ ತಾನಾಗಿಯೇ ಏಕೆ ಇರಬಾರದು? ಅವನು ಪರಿಪೂರ್ಣನಾಗಿದ್ದರೆ ಮಾಡಬೇಕೆಂಬ ಬಯಕೆ ಅವನಲ್ಲಿ ಹುಟ್ಟಿದ್ದೇಕೆ? ಹೀಗೆ ಕೇಳಿದ ಬಳಿಕ ಲೋಕವನ್ನು ಯಾರೂ ಮಾಡಲಿಲ್ಲ, ಅದಕ್ಕೆ ಆದಿಯೂ ಇಲ್ಲ ಅಂತ್ಯವೂ ಇಲ್ಲ ಎಂಬ ತಮ್ಮ ಮತವನ್ನು ಆಚಾರ್ಯರು ಸ್ಥಾಪಿಸುತ್ತಾರೆ.

ಸೃಷ್ಟಿಯೇ ಇಲ್ಲವೆಂದ ಮೇಲೆ ಜೈನ ಪುರಾಣಕ್ಕೆ ಆರಂಭದ ಕಥೆ ಬೇಡವಾಯಿತೇ? ಹಾಗೇನೂ ಆಗಲಿಲ್ಲ. ಕಾಲಚಕ್ರ ಇಳಿಮುಖವಾಗಿ ತಿರುಗುತ್ತ ಬಂದಂತೆ, ಬೇಡಿದ್ದನ್ನು ಕೊಡುತ್ತಿದ್ದ ಕಲ್ಪವೃಕ್ಷಗಳು ಒಂದೊಂದಾಗಿ ಇಲ್ಲವಾದುವು. ಹಸಿದು ಕಂಗೆಟ್ಟ ಜನರಿಗೆ ಆದಿನಾಥನು ಉಳುವುದನ್ನೂ ಬರೆಯುವುದನ್ನೂ ವ್ಯಾಪಾರವನ್ನೂ ಶಿಲ್ಪವನ್ನೂ ಕಲಿಸಿದ. ಲೋಕದ ಹುಟ್ಟಿನ ಬದಲು ದುಡಿಮೆಯ ಹುಟ್ಟು! ಪಂಪ 941ರಲ್ಲಿ ಕನ್ನಡದಲ್ಲಿ ಹೇಳಿದ್ದೂ ಈ ಆದಿನಾಥನ ಚರಿತೆಯನ್ನೇ. ಖಣಿಯ ಧೂಳಿನಲ್ಲಿ ಬೆಳೆದ ನನ್ನಂಥವನಿಗೆ ಕಥೆಯ ಈ ಭಾಗ ಬಹಳ ಹತ್ತಿರದ್ದಾಗಿ ತೋರುತ್ತದೆ.

ಈಗ ಅದೇ ಮಳಖೇಡದಲ್ಲಿ ಕಾಗಿಣಾ ಹೊಳೆಯ ದಂಡೆಗೆ ಬನ್ನಿರಿ. ದ್ವೈತ ಮತದ ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರ ವೃಂದಾವನವೆಂದು ಭಕ್ತರು ಪೂಜಿಸುವ ಸ್ಥಳ ಇಲ್ಲಿದೆ. ಹದಿನಾಲ್ಕನೆಯ ಶತಮಾನದ ಈ ಯತಿಗಳು ಮಧ್ವಾಚಾರ್ಯರ ಗ್ರಂಥಗಳಿಗೆ ಬರೆದ ಟೀಕೆಗಳಲ್ಲಿ ‘ನ್ಯಾಯಸುಧಾ’ ಶಿಖರಪ್ರಾಯವಾದುದು. ಆ ಮತದಲ್ಲಿ ಲೋಕ ಸತ್ಯ, ಅದಕ್ಕೆ ಕರ್ತೃ ಹರಿ. ಹಾಗಾದರೆ ಸಾಮಗ್ರಿ? ಜಡಪ್ರಕೃತಿಯೂ ಜೀವರೂ ಅನಾದಿ. ಆದರೆ ಅವುಗಳ ಇರವು ಎಂದೆಂದಿಗೂ ಅವನ ಅಧೀನ. ಬಯಕೆ? ಪೂರ್ಣನಾದವನಿಗೆ ಕೊರತೆಯ ಬಯಕೆ ಇಲ್ಲ, ಸೃಷ್ಟಿ ಅವನ ಲೀಲೆ. ಇದು ಜಿನಸೇನರನ್ನೇ ಉದ್ದೇಶಿಸಿ ಕೊಟ್ಟ ಉತ್ತರವೆಂದು ನಾನು ಹೇಳುತ್ತಿಲ್ಲ. ಆದರೆ ಬಸದಿಯ ಊರಿನಲ್ಲಿ ಎದ್ದ ಪ್ರಶ್ನೆಗೆ ಅದೇ ಊರಿನ ಹೊಳೆಯ ದಂಡೆಯಲ್ಲಿ ಒಂದು ಉತ್ತರ ನೆಲೆಸಿದೆ ಎಂಬುದನ್ನು ನೆನೆದರೆ ನನಗೆ ರೋಮಾಂಚವಾಗುತ್ತದೆ.

ಉತ್ತರಗಳು ಅಲ್ಲಿಗೇ ಮುಗಿಯಲಿಲ್ಲ. ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ದೇಹಬಿಟ್ಟ ಖ್ವಾಜಾ ಬಂದೇ ನವಾಜರು ಸೂಫಿ ಪಂಥದವರು. ಭಗವಂತ ಒಂದು ಮರೆಯಾದ ನಿಧಿಯಂತಿದ್ದು, ತನ್ನನ್ನು ಅರಿಯುವವರು ಇರಲೆಂಬ ಪ್ರೀತಿಯಿಂದ ಲೋಕವನ್ನು ಹುಟ್ಟಿಸಿದನೆಂಬ ಭಾವನೆ ಸೂಫಿಗಳಿಗೆ ಬಹು ಪ್ರಿಯವಾದುದು. ಬಯಕೆ ಏಕೆಂಬ ಪ್ರಶ್ನೆಗೆ ಇಲ್ಲಿ ಲೀಲೆಯ ಬದಲು ಪ್ರೀತಿ ಉತ್ತರವಾಗಿ ನಿಂತಿತು. ಕಲ್ಯಾಣದ ಶರಣರು ಮೂಲವನ್ನು ಬಯಲೆಂದರು, ಶೂನ್ಯವೆಂದರು. ಬಯಲಿನಿಂದ ಬಂದು ಬಯಲಾಗುವುದರ ಮಾತಾಡಿದರು. ನಮ್ಮ ಈ ಎರೆಭೂಮಿಯಲ್ಲಿ ಬೇಸಗೆಯ ಮಧ್ಯಾಹ್ನ ನಿಂತು ಕಣ್ಣೆತ್ತಿದವನಿಗೆ ಆ ಶಬ್ದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಒಂದು ಪ್ರಶ್ನೆಯ ಸುತ್ತ ನಾಲ್ಕು ಸೃಷ್ಟಿಗಳು. ಒಂದನ್ನು ತೆಗೆದುಬಿಟ್ಟರೆ ಉಳಿದವುಗಳ ಮಾತು ಅರ್ಧಕ್ಕೆ ನಿಂತಂತಾಗುತ್ತದೆ. ಎದುರಿನವನು ಕೇಳದಿದ್ದರೆ ನಾನು ಉತ್ತರವನ್ನು ಹುಡುಕುತ್ತಲೇ ಇರಲಿಲ್ಲ ಎಂಬುದು ವಾದ ಮಾಡಿದ ಪ್ರತಿಯೊಬ್ಬನ ಅನುಭವವಷ್ಟೆ.

ಇಷ್ಟಾದರೂ ಮನುಷ್ಯರು ತಮ್ಮ ಸಿದ್ಧಾಂತದ ಗೆರೆಯೊಳಗೇ ಬಾಳುತ್ತಾರೆಂದು ತಿಳಿಯಬಾರದು. ಜಿನಸೇನರ ಶಿಷ್ಯನಾದ ಅದೇ ಅಮೋಘವರ್ಷ, ಪ್ರಜೆಗಳಿಗೆ ಬಂದ ವಿಪತ್ತನ್ನು ನೀಗಲೆಂದು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟ ಹೇಳುತ್ತದೆ. ಸೃಷ್ಟಿಕರ್ತನಿಲ್ಲವೆಂದು ಕಲಿಸಿದ ಗುರುವಿಗೆ ನಮಿಸಿದ ತಲೆ, ದೇವಿಗೆ ಬೆರಳನ್ನಿತ್ತ ಕೈ, ಎರಡೂ ಒಬ್ಬನವೇ. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಪರರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳುವ ಶಕ್ತಿಯನ್ನು ದೊಡ್ಡ ಸಂಪತ್ತೆಂದು ಎಣಿಸಿತು. ಆ ಮಾತು ಬರಿಯ ಉಪದೇಶವಾಗಿರಲಾರದು. ಕಣ್ಣೆದುರಿನ ಬಾಳನ್ನು ನೋಡಿ ಬಂದುದಾಗಿರಬೇಕೆಂದು ನನಗೆ ತೋರುತ್ತದೆ.

ಇಲ್ಲಿ ವಾಚಕರು ನನ್ನನ್ನು ತಡೆಯಬಹುದು. ‘ಎಲ್ಲವೂ ಸಾಮರಸ್ಯವೇ ಆಗಿತ್ತೆಂದು ಬಣ್ಣ ಬಳಿಯುತ್ತಿದ್ದೀರಿ, ಹೊಡೆದಾಟ ನಡೆಯಲೇ ಇಲ್ಲವೇ?’ ನಡೆಯಿತು. ನಮ್ಮ ಜಿಲ್ಲೆಯ ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯ ಜೈನರೊಡನೆ ತಲೆಯನ್ನು ಪಣವೊಡ್ಡಿ, ಕೊನೆಗೆ ಜಿನಬಿಂಬವನ್ನು ಒಡೆದ ಕಥೆಯನ್ನು ಹಾವೇರಿ ಸೀಮೆಯ ಅಬ್ಬಲೂರಿನ ಶಾಸನ ವಿಜಯದ ಹೆಮ್ಮೆಯಿಂದಲೇ ಹೇಳುತ್ತದೆ. 1368ರಲ್ಲಿ ಜೈನರಿಗೂ ವೈಷ್ಣವರಿಗೂ ಬಿದ್ದ ಜಗಳವನ್ನು ವಿಜಯನಗರದ ಬುಕ್ಕರಾಯ ಎರಡು ಕಡೆಯವರನ್ನೂ ಕರೆಸಿ ತೀರ್ಮಾನಿಸಬೇಕಾಯಿತು. ಎರಡು ದರ್ಶನಗಳಿಗೂ ಭೇದವಿಲ್ಲವೆಂಬ ಆ ತೀರ್ಪಿನ ಶಾಸನ ಶ್ರವಣಬೆಳಗೊಳದಲ್ಲಿದೆ. ಜಗಳವಿಲ್ಲದ ಕಡೆ ತೀರ್ಪು ಬೇಕಾಗುವುದಿಲ್ಲ. ಇದನ್ನೆಲ್ಲ ಮರೆಸಿ ಹೇಳಿದರೆ ನನ್ನದೂ ಒಂದು ಕಟ್ಟುಕಥೆಯಾಗುತ್ತದೆ. ಆದರೆ ಗಮನಿಸಿರಿ: ಆ ಹೊಡೆದಾಟದ ಬಳಿಕವೂ ಜೈನರ ಕಥೆ ಕನ್ನಡದಲ್ಲಿ ಉಳಿಯಿತು, ಪಂಪನನ್ನು ನಾವು ಇಂದಿಗೂ ಓದುತ್ತೇವೆ. ವೈರಿ ಇರುವವರೆಗೆ ದೇವರಿಗೆ ಸಾವಿಲ್ಲ. ಬೈಯುವವನಾದರೂ ಹೆಸರನ್ನು ನೆನೆಯುತ್ತಿರುತ್ತಾನೆ. ದೇವತಾಗಣಗಳಿಗೆ ನಿಜವಾದ ಸಾವು ಹೇಗೆ ಬರುತ್ತದೆಂಬುದನ್ನು ತಿಳಿಯಲು ಸನ್ನತಿಗೆ ಹೋಗಬೇಕು.

ಸನ್ನತಿ ಭೀಮಾ ತೀರದ ಊರು, ಚಂದ್ರಲಾಂಬೆಯ ಕ್ಷೇತ್ರ. ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದು ಮೂರ್ತಿ ಭಗ್ನವಾಯಿತು. ಆಗ ಆ ಮೂರ್ತಿಗೆ ಪೀಠವಾಗಿದ್ದ ಹಾಸುಗಲ್ಲು ಬೆಳಕಿಗೆ ಬಂದಿತು. ಅದರ ಎರಡು ಮುಖಗಳಲ್ಲಿಯೂ ಬ್ರಾಹ್ಮೀ ಅಕ್ಷರಗಳು, ಪ್ರಾಕೃತ ಭಾಷೆ: ಅಶೋಕನ ಶಾಸನಗಳು! ಮೂರ್ತಿಯನ್ನು ನಿಲ್ಲಿಸಲೆಂದು ಯಾರೋ ಆ ಕಲ್ಲಿನ ನಡುವೆ ಚೌಕನೆಯ ರಂಧ್ರ ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದುವು. ಉಳಿದುದರಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವಿದೆ. ಅದರ ವಿಷಯ ಬಲ್ಲವರಿಗೆ ಮೈ ಜುಮ್ಮೆನ್ನುತ್ತದೆ. ತನ್ನ ಪಂಥವನ್ನು ಹೊಗಳಿ ಪರಪಂಥವನ್ನು ತೆಗಳುವವನು ತನ್ನದಕ್ಕೇ ಹಾನಿ ಮಾಡಿಕೊಳ್ಳುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂದು ಅರಸ ಬರೆಸಿದ ಶಾಸನ ಅದು. ಅದೇ ಶಾಸನ ಇನ್ನೊಂದು ದೈವದ ಪಾದದಡಿಯಲ್ಲಿ, ಓದುವವರಿಲ್ಲದೆ, ಮಣ್ಣು ಹೊತ್ತು ಕುಳಿತಿತ್ತು.

ಇದನ್ನು ಒಂದು ಮತ ಇನ್ನೊಂದನ್ನು ತುಳಿದುದರ ಸಾಕ್ಷಿಯೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ರಂಧ್ರ ಕೊರೆದ ಶಿಲ್ಪಿಗೆ ವೈರವಿದ್ದಿರಲಾರದು. ಅವನಿಗೆ ಬೇಕಾಗಿದ್ದುದು ಚಪ್ಪಟೆಯಾದ, ಗಟ್ಟಿಯಾದ ಒಂದು ಕಲ್ಲು. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ತಲೆಮಾರುಗಳ ಹಿಂದೆಯೇ ಇಲ್ಲವಾಗಿದ್ದರು. ಹತ್ತಿರದ ಕನಗನಹಳ್ಳಿಯ ಮಹಾಸ್ತೂಪದ ಗತಿಯೂ ಅದೇ. ‘ರಾಯ ಅಸೋಕ’ ಎಂದು ಹೆಸರು ಕೆತ್ತಿದ ರಾಜಶಿಲ್ಪ, ಬುದ್ಧನ ಹಿಂದಿನ ಜನ್ಮಗಳ ಕಥಾಫಲಕಗಳು, ಎಲ್ಲವೂ ಮಣ್ಣಿನಡಿಯಲ್ಲಿದ್ದು, ಕಳೆದ ಶತಮಾನದ ಕೊನೆಯ ದಶಕದಲ್ಲಿ ಪುರಾತತ್ತ್ವ ಇಲಾಖೆ ಅಗೆದ ಮೇಲೆ ಹೊರಬಂದುವು. ಓದಲಾರದ ಅಕ್ಷರ ಬರಿಯ ಕಲ್ಲಾಗುತ್ತದೆ. ದೇವರುಗಳು ರಣರಂಗದಲ್ಲಿ ಸಾಯುವುದು ಅಪರೂಪ. ಅವರ ಕಥೆ ಹೇಳಬಲ್ಲ ಕೊನೆಯ ಮುದುಕಿ ತೀರಿಕೊಂಡ ದಿನ, ಯಾರಿಗೂ ತಿಳಿಯದಂತೆ ಸಾಯುತ್ತಾರೆ.

ಮುದುಕಿ ಎಂದೆನಲ್ಲ, ಅದರ ಹಿಂದೆ ನನ್ನದೇ ಒಂದು ತಪ್ಪಿದೆ. ಅದನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕವಲ್ಲ.

ನಾನು ಹೊಸದಾಗಿ ಮಾಸ್ತರನಾಗಿದ್ದ ಕಾಲ. ಲೋಕ ಹೇಗೆ ಹುಟ್ಟಿತೆಂಬುದರ ಬಗೆಗೆ ಪ್ರಬಂಧ ಬರೆಯಿರೆಂದು ಮಕ್ಕಳಿಗೆ ಹೇಳಿದ್ದೆ. ಎಲ್ಲರೂ ಪಠ್ಯಪುಸ್ತಕದಲ್ಲಿದ್ದುದನ್ನು ಬರೆದು ತಂದರು. ಒಬ್ಬ ಹುಡುಗಿ ಮಾತ್ರ ಆದಿಶಕ್ತಿಯ ಕಥೆ ಬರೆದಿದ್ದಳು. ನಾಡಿನ ಹಲವೆಡೆ ಜನ ಹೇಳುವ ಕಥೆ ಅದು. ಮೊದಲು ಹುಟ್ಟಿದವಳು ಆದಿಶಕ್ತಿ. ಬೆಳೆದ ಮೇಲೆ ಅವಳಿಗೆ ಗಂಡ ಬೇಕೆನಿಸಿತು. ಸುತ್ತ ಯಾರೂ ಇಲ್ಲ. ಬ್ರಹ್ಮನನ್ನು ಹುಟ್ಟಿಸಿ ಕೇಳಿದಳು, ನೀನು ತಾಯಿಯೆಂದ, ಬೂದಿ ಮಾಡಿದಳು. ವಿಷ್ಣುವಿಗೂ ಅದೇ ಆಯಿತು. ಶಿವ ಉಪಾಯಗಾರ, ಒಪ್ಪಿದಂತೆ ನಟಿಸಿ ಅವಳ ಶಕ್ತಿಯನ್ನೆಲ್ಲ ಕೇಳಿ ಪಡೆದು ಅವಳನ್ನೇ ಸುಟ್ಟು, ಅಣ್ಣಂದಿರನ್ನು ಎಬ್ಬಿಸಿದ.

ನಾನು ಆ ಪುಟದ ಮೇಲೆ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದೆ. “ನಮ್ಮ ಆಯಿ ಹಿಂಗೇ ಹೇಳ್ತಾಳ್ರಿ ಸರ್” ಎಂದಳು ಹುಡುಗಿ. ಆಯಿಯ ಕಥೆಗಳನ್ನು ಮನೆಯಲ್ಲಿಯೇ ಇಟ್ಟು ಬಾ ಎಂದೆ. ಅವಳು ಹಾಳೆಯನ್ನು ಮಗುಚಿ ಕುಳಿತಳು. ಆಮೇಲೆ ವರ್ಷವಿಡೀ ಪುಸ್ತಕದಲ್ಲಿದ್ದುದನ್ನೇ ಬರೆದಳು. ಒಳ್ಳೆಯ ಅಂಕಗಳೂ ಬಂದುವು.

ಆ ಕಥೆ ‘ಲೋಕ ಏತರಿಂದ ಆಯಿತು’ ಎಂಬ ಪಂಡಿತರ ಪ್ರಶ್ನೆಗೆ ಉತ್ತರವಲ್ಲವೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ‘ಈ ವ್ಯವಸ್ಥೆ ಬರಬೇಕಾದರೆ ಯಾರು ಯಾರಿಂದ ಶಕ್ತಿಯನ್ನು ಕಸಿದುಕೊಂಡರು’ ಎಂಬ ಬೇರೆಯೇ ಪ್ರಶ್ನೆಯನ್ನು ಅದು ಹಿಡಿದಿತ್ತು. ಅದನ್ನು ಜಿನಸೇನರೂ ಕೇಳಲಿಲ್ಲ, ಜಯತೀರ್ಥರೂ ಕೇಳಲಿಲ್ಲ. ಒಬ್ಬ ಮುದುಕಿ ಕೇಳಿದಳು; ಮೊಮ್ಮಗಳು ಬರೆದಳು; ನಾನು ಗೆರೆ ಎಳೆದೆ. ಕಥೆಯ ಕೊನೆಯಲ್ಲಿ ನಾನು ಬೇರೆಲ್ಲಿಯೂ ಕೇಳದ ಒಂದು ತಿರುವಿತ್ತು. ಸುಟ್ಟ ಬೂದಿಯಿಂದ ಆ ತಾಯಿ ಮತ್ತೆ ಏನನ್ನೋ ಮಾಡುತ್ತಿದ್ದಳು. ಏನನ್ನೆಂಬುದು ಇಂದು ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಸನ್ನತಿಯ ಕಲ್ಲಿನ ನಡುವಣ ಚೌಕನೆಯ ರಂಧ್ರವನ್ನು ನೋಡಿದಾಗಲೆಲ್ಲ ನನಗೆ ಆ ಪುಟ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಕೊರೆದವನಿಗೆ ಅಕ್ಷರ ಬಾರದು ಎಂಬ ಸಮಾಧಾನವಾದರೂ ಉಂಟು. ನನಗೆ ಅಕ್ಷರ ಬರುತ್ತಿತ್ತು.

ಈಗ ತರುಣ ಮಿತ್ರನಿಗೆ ನನ್ನ ಉತ್ತರ. ಎರಡೂ ಖರೆ ಇರಲು ಹೇಗೆ ಬರುತ್ತದೆಂದು ಕೇಳಿದೆಯಲ್ಲವೇ? ಸಿದ್ಧಾಂತಕ್ಕೆ ಬರಲಾರದು, ಆ ವಾದ ನಡೆಯುತ್ತಲೇ ಇರಲಿ. ಆದರೆ ನೀನು ಬರೆಯುತ್ತಿರುವುದು ಜನರ ಕಥೆಯನ್ನು. ಹಕ್ಕಿಯ ಮೊಟ್ಟೆ ಯಾವ ಪ್ರಶ್ನೆಗೆ ಉತ್ತರ, ಕುರುಡಿಯ ಕಣ್ಣೀರು ಯಾವ ಪ್ರಶ್ನೆಗೆ ಉತ್ತರ ಎಂದು ಮೊದಲು ನಿನ್ನನ್ನೇ ಕೇಳಿಕೊ. ಬಡಗಣ ಅರಸ ರಾತ್ರಿ ಯಾರಿಗೂ ಕಾಣದಂತೆ ಕುರುಡು ತಾಯಿಗೆ ಹರಕೆ ಹೊರಲಿ. ಯುದ್ಧ ಬೇಕೇ ಬೇಕೆಂದರೆ ಅದೂ ನಡೆಯಲಿ; ಆದರೆ ಯುದ್ಧದಿಂದ ಆ ತಾಯಿ ಸಾಯುವಳೆಂದು ಬರೆಯಬೇಡ. ಅವಳನ್ನು ಸಾಯಿಸಲೇಬೇಕಾದರೆ, ಅವಳ ಕಥೆ ಹೇಳಿದ ಮಗುವನ್ನು ಗದರಿಸಿ ಸುಮ್ಮನಿರಿಸುವ ಒಬ್ಬ ಮಾಸ್ತರನನ್ನು ತಂದು ನಿಲ್ಲಿಸು. ಅಷ್ಟು ಸಾಕು, ಸೈನ್ಯದ ಅವಶ್ಯಕತೆಯಿಲ್ಲ.

ನೋಟುಬುಕ್ಕನ್ನು ಹಿಂದಿರುಗಿಸುವಾಗ ಇದರಲ್ಲಿ ಸ್ವಲ್ಪವನ್ನು ಅವನಿಗೆ ಬಾಯಲ್ಲಿ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, “ನಮ್ಮ ಮನ್ಯಾಗೂ ಆಯಿ ಏನೋ ಒಂದು ಹೇಳ್ತಿರ್ತಾಳ್ರಿ ಸರ್, ನಾ ಎಂದೂ ಪೂರ್ತಿ ಕೇಳಿಲ್ಲ” ಎಂದ.

ಇವತ್ತೇ ಹೋಗಿ ಕೇಳು, ಕೇಳಿದ್ದನ್ನು ಬರೆದಿಡು ಎಂದೆ. ಕೆಂಪು ಶಾಯಿಯ ಲೇಖನಿಯನ್ನು ನಾನು ಬಿಟ್ಟು ಬಹಳ ಕಾಲವಾಗಿದೆ ಎಂದೂ ಹೇಳಿದೆ.